ದುಡಿಯುವವರ ಕುಟುಂಬಕ್ಕೆ ಸಲ್ಲುವ ಭದ್ರತಾ ವೇತನ: ಅಮೆರಿಕದ ಬದಲಾವಣೆಯ ಸಲಹೆಗಳ ಪರಿಶೀಲನೆ

೧. ವಿಷಯದ ಸ್ವರೂಪ

ದುಡಿದವನು ಮುಪ್ಪಿನಲ್ಲಿ ವಿಶ್ರಾಂತಿ ವೇತನಕ್ಕೆ ಅರ್ಹನೆಂಬ ತತ್ತ್ವವನ್ನು ಇಂದು ಅಲ್ಲಗಳೆಯುವವರು ಕಡಮೆ. ದುಡಿಮೆಯ ಕಾಲದಲ್ಲಿ ಅವನು ವಂತಿಗೆ ಕೊಟ್ಟಿರುತ್ತಾನೆ; ವೃದ್ಧಾಪ್ಯದಲ್ಲಿ ಅದರ ಫಲವನ್ನು ಪಡೆಯುತ್ತಾನೆ. ಆದರೆ ತಾವಾಗಿ ವಂತಿಗೆ ಕೊಡದ ಅವನ ಹೆಂಡತಿಗೆ, ಎಳೆಯ ಮಕ್ಕಳಿಗೆ, ಅವನು ತೀರಿಕೊಂಡ ಬಳಿಕ ಉಳಿಯುವ ವಿಧವೆಗೆ ಏನು ಸಲ್ಲಬೇಕು, ಯಾವ ಆಧಾರದ ಮೇಲೆ ಸಲ್ಲಬೇಕು ಎಂಬ ಪ್ರಶ್ನೆ ಅಷ್ಟು ಸುಲಭವಾಗಿ ತೀರುವಂಥದಲ್ಲ. ಕುಟುಂಬದ ಸ್ವರೂಪ ಬದಲಾದಂತೆಲ್ಲ ಈ ಪ್ರಶ್ನೆ ಮತ್ತೆ ಮತ್ತೆ ತಲೆಯೆತ್ತುತ್ತದೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಪ್ರಶ್ನೆ ಎಂಬತ್ತು ವರ್ಷಗಳಿಗೂ ಮಿಕ್ಕಿ ಚರ್ಚೆಯಲ್ಲಿದೆ. ಅಲ್ಲಿನ ಸಾಮಾಜಿಕ ಭದ್ರತಾ ವ್ಯವಸ್ಥೆಯು ಕುಟುಂಬದವರಿಗೆ ಕೊಡುವ ವೇತನವನ್ನು ತಗ್ಗಿಸಬೇಕೆಂದು ಕೆಲವರೂ, ಬೇರೆ ರೀತಿಯಲ್ಲಿ ಹಂಚಬೇಕೆಂದು ಕೆಲವರೂ, ಹೆಚ್ಚಿಸಬೇಕೆಂದು ಇನ್ನು ಕೆಲವರೂ ಸಲಹೆ ಮಾಡಿದ್ದಾರೆ. ಪ್ರಕೃತ ಲೇಖನದಲ್ಲಿ ಆ ವ್ಯವಸ್ಥೆ ಬೆಳೆದುಬಂದ ಬಗೆಯನ್ನೂ, ಅದರ ಲೆಕ್ಕಾಚಾರವನ್ನೂ, ಮುಖ್ಯವಾದ ಸಲಹೆಗಳನ್ನೂ ಪರಿಶೀಲಿಸುವುದು ನಮ್ಮ ಉದ್ದೇಶ. ಈ ಚರ್ಚೆಯಲ್ಲಿ ದಂಪತಿಗಳಿಬ್ಬರೂ ಬದುಕಿರುವಾಗ ಬರುವ ಮೊತ್ತವನ್ನೇ ಸಾಮಾನ್ಯವಾಗಿ ಮುಂದಿಟ್ಟು ವಾದಿಸಲಾಗುತ್ತದೆ. ಇಬ್ಬರಲ್ಲಿ ಒಬ್ಬರು ಹೋದ ಮೇಲೆ ಉಳಿದವರ ಕೈಗೆ ಎಷ್ಟು ಬರುತ್ತದೆಂಬುದೇ ಯಾವ ಸಲಹೆಗಾದರೂ ಸರಿಯಾದ ಒರೆಗಲ್ಲೆಂದು ನಾವು ಭಾವಿಸುತ್ತೇವೆ. ಮುಂದಿನ ಲೆಕ್ಕಗಳಿಂದ ಇದು ಸ್ಪಷ್ಟವಾದೀತು.

೨. ವ್ಯವಸ್ಥೆ ಬೆಳೆದ ಬಗೆ

೧೯೩೫ನೆಯ ಆಗಸ್ಟ್ ೧೪ರಂದು ಅಧ್ಯಕ್ಷ ರೂಸ್‌ವೆಲ್ಟರು ಅಂಕಿತ ಹಾಕಿದ ಮೂಲ ಕಾಯಿದೆಯಲ್ಲಿ ವೃದ್ಧಾಪ್ಯದ ಮಾಸಿಕ ವೇತನವಿದ್ದುದು ಕೆಲಸಗಾರನಿಗೆ ಮಾತ್ರ. ಅವನ ಹೆಂಡತಿಗಾಗಲಿ ವಿಧವೆಗಾಗಲಿ ತಿಂಗಳ ವೇತನವಿರಲಿಲ್ಲ. ಅವನು ಸತ್ತರೆ ಒಂದಿಷ್ಟು ಇಡುಗಂಟು ಸಲ್ಲುತ್ತಿತ್ತು. ಆ ಕಾಯಿದೆಯ ಪ್ರಕಾರ ಮಾಸಿಕ ವೇತನದ ಬಟವಾಡೆ ಆರಂಭವಾಗುವ ಮೊದಲೇ, ೧೯೩೯ರಲ್ಲಿ, ಶಾಸನವನ್ನು ತಿದ್ದಲಾಯಿತು. ಜೆ. ಡಗ್ಲಾಸ್ ಬ್ರೌನ್ ಅವರ ಅಧ್ಯಕ್ಷತೆಯ ಸಲಹಾ ಮಂಡಲಿಯು ಈ ತಿದ್ದುಪಡಿಗೆ ದಾರಿಮಾಡಿತ್ತು. ಅದರಂತೆ ೬೫ ವರ್ಷ ತುಂಬಿದ ಹೆಂಡತಿಗೆ ಗಂಡನ ವೇತನದ ಅರ್ಧ, ಅದೇ ವಯಸ್ಸಿನ ವಿಧವೆಗೆ ಮುಕ್ಕಾಲು, ಎಳೆಯ ಮಕ್ಕಳಿಗೆ ಅರ್ಧ ಸಲ್ಲತಕ್ಕದ್ದೆಂದು ಗೊತ್ತಾಯಿತು. ಒಬ್ಬ ಕೆಲಸಗಾರನ ವಿಮೆಯಾಗಿದ್ದುದು ಹೀಗೆ ಒಂದು ಮನೆತನದ ವಿಮೆಯಾಗಿ ಮಾರ್ಪಟ್ಟಿತು.

ಶಾಸನಕರ್ತರ ಕಣ್ಣ ಮುಂದಿದ್ದುದು ಗಂಡನು ಹೊರಗೆ ದುಡಿಯುವ, ಹೆಂಡತಿ ಮನೆ ನಡೆಸುವ, ಮದುವೆ ಕೊನೆಯವರೆಗೂ ಉಳಿಯುವ ಕುಟುಂಬ. ಕುಟುಂಬಗಳು ಆ ಚಿತ್ರದಿಂದ ದೂರ ಸರಿದಂತೆಲ್ಲ ಕಾಯಿದೆಗೆ ತೇಪೆ ಹಾಕಬೇಕಾಯಿತು. ೧೯೫೦ರಲ್ಲಿ ಅವಲಂಬಿತನಾದ ಗಂಡನಿಗೂ ವಿಧುರನಿಗೂ ಅವಕಾಶ ದೊರೆಯಿತು. ೧೯೬೫ರಲ್ಲಿ, ಮದುವೆ ೨೦ ವರ್ಷ ಬಾಳಿದ್ದರೆ ವಿಚ್ಛೇದಿತಳಾದ ಹೆಂಡತಿಯೂ ಹಕ್ಕುದಾರಳೆನಿಸಿದಳು. ಈ ಅವಧಿಯನ್ನು ೧೯೭೭ರ ತಿದ್ದುಪಡಿ ೧೦ ವರ್ಷಕ್ಕೆ ಇಳಿಸಿತು. ವಿಧವೆಯ ಪಾಲು ೧೯೬೧ರಲ್ಲಿ ಶೇಕಡ ೮೨.೫ಕ್ಕೂ ೧೯೭೨ರಲ್ಲಿ ಶೇಕಡ ೧೦೦ಕ್ಕೂ ಏರಿತು.

ಉಳಿದ ತೇಪೆಗಳನ್ನು ಹಾಕಿದುದು ನ್ಯಾಯಾಲಯ. ಹೆರಿಗೆಯಲ್ಲಿ ಹೆಂಡತಿಯನ್ನು ಕಳೆದುಕೊಂಡು ಕೂಸನ್ನು ಸಾಕುತ್ತಿದ್ದ ತಂದೆಗೆ, ತಾಯಿಯಾದವಳಿಗೆ ಸಿಗುವ ವೇತನವನ್ನು ನಿರಾಕರಿಸಲಾಗಿತ್ತು. ೧೯೭೫ರಲ್ಲಿ, ವೈನ್‌ಬರ್ಗರ್ ವಿರುದ್ಧ ವೀಸನ್‌ಫೆಲ್ಡ್ ಮೊಕದ್ದಮೆಯಲ್ಲಿ, ಇದು ಸಮಾನತೆಗೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ವಾದ ಮಂಡಿಸಿದವರು ಮುಂದೆ ಅದೇ ನ್ಯಾಯಾಲಯದ ನ್ಯಾಯಾಧೀಶರಾದ ರೂತ್ ಬೇಡರ್ ಗಿನ್ಸ್‌ಬರ್ಗ್. ತಾನು ಹೆಂಡತಿಯ ಗಳಿಕೆಯನ್ನೇ ಅವಲಂಬಿಸಿದ್ದೆನೆಂದು ವಿಧುರನು ಮಾತ್ರ ರುಜುವಾತು ಮಾಡಬೇಕೆಂಬ ನಿಯಮವನ್ನು ೧೯೭೭ರ ಗೋಲ್ಡ್‌ಫಾರ್ಬ್ ತೀರ್ಪು ತೆಗೆದುಹಾಕಿತು. ಆ ಬಳಿಕ ಗಂಡಸಿಗೂ ಹೆಂಗಸಿಗೂ ನಿಯಮ ಒಂದೇ ಆಯಿತು. ಆದುದರಿಂದ ನಾವು ಮುಂದೆ ‘ಹೆಂಡತಿ’, ‘ವಿಧವೆ’ ಎನ್ನುವಲ್ಲಿ ಗಂಡ, ವಿಧುರ ಎಂದೂ ವಾಚಕರು ತಿಳಿಯಬೇಕು. ಆದರೆ ಈ ವೇತನವನ್ನು ಪಡೆಯುವವರಲ್ಲಿ ಇಂದಿಗೂ ಹೆಂಗಸರೇ ಬಹುಪಾಲು.

೩. ಇಂದಿನ ನಿಯಮದ ಲೆಕ್ಕ

ಕೆಲಸಗಾರನೂ ಮಾಲಿಕನೂ ಕೂಲಿಯ ಮೇಲೆ ತಲಾ ಶೇಕಡ ೬.೨ರಂತೆ ತೆರಿಗೆ ಕೊಡುತ್ತಾರೆ. ವೇತನಕ್ಕೆ ಅರ್ಹತೆ ಪಡೆಯಲು ಸಾಮಾನ್ಯವಾಗಿ ಹತ್ತು ವರ್ಷಗಳ ದುಡಿಮೆ ಬೇಕು. ಹೆಚ್ಚು ಗಳಿಸಿದ ೩೫ ವರ್ಷಗಳ ಗಳಿಕೆಯನ್ನು ದೇಶದ ಕೂಲಿಮಟ್ಟಕ್ಕೆ ಹೊಂದಿಸಿ ತಿಂಗಳ ಸರಾಸರಿಯನ್ನು ತೆಗೆಯುತ್ತಾರೆ. ದುಡಿಯದ ವರ್ಷಗಳು ಸೊನ್ನೆಯಾಗಿ ಈ ಸರಾಸರಿಯಲ್ಲಿ ಸೇರುತ್ತವೆ. ೨೦೨೫ರಲ್ಲಿ ೬೨ ವರ್ಷ ತುಂಬಿದವರಿಗೆ, ಈ ಸರಾಸರಿಯ ಮೊದಲ ೧,೨೨೬ ಡಾಲರಿಗೆ ಶೇಕಡ ೯೦, ಅಲ್ಲಿಂದ ೭,೩೯೧ ಡಾಲರಿನವರೆಗೆ ಶೇಕಡ ೩೨, ಅದಕ್ಕೂ ಮೇಲ್ಪಟ್ಟುದಕ್ಕೆ ಶೇಕಡ ೧೫ ಲೆಕ್ಕ ಹಾಕಿದರೆ ಮೂಲ ವೇತನ ದೊರೆಯುತ್ತದೆ. ಕಡಮೆ ಗಳಿಸಿದವನಿಗೆ ಅವನ ಗಳಿಕೆಯ ಹೆಚ್ಚು ಅಂಶ ಮರಳುವಂತೆ ಈ ಸೂತ್ರವನ್ನು ರಚಿಸಲಾಗಿದೆ.

ಹೆಂಡತಿಗೆ ಪೂರ್ಣ ನಿವೃತ್ತಿಯ ವಯಸ್ಸಿನಲ್ಲಿ ಗಂಡನ ಮೂಲ ವೇತನದ ಅರ್ಧ ಸಲ್ಲುತ್ತದೆ. ಮೊದಲೇ ಬೇಡಿದರೆ ಕಡಿತವುಂಟು. ಆದರೆ ಆಕೆ ಸ್ವಂತ ದುಡಿಮೆಯಿಂದ ವೇತನ ಗಳಿಸಿದ್ದರೆ ಎರಡೂ ಕೂಡಿ ಬರುವುದಿಲ್ಲ. ಮೊದಲು ಆಕೆಯ ಸ್ವಂತ ವೇತನವನ್ನು ಕೊಟ್ಟು, ಅದು ಗಂಡನ ಅರ್ಧಕ್ಕಿಂತ ಎಷ್ಟು ಕಡಮೆಯೋ ಅಷ್ಟನ್ನು ಮಾತ್ರ ಭರ್ತಿ ಮಾಡುತ್ತಾರೆ. ಗಂಡನು ತೀರಿಕೊಂಡರೆ ಇಬ್ಬರ ವೇತನಗಳಲ್ಲಿ ದೊಡ್ಡದು ಆಕೆಗೆ ಉಳಿಯುತ್ತದೆ, ಚಿಕ್ಕದು ನಿಂತುಹೋಗುತ್ತದೆ.

ಈ ನಿಯಮದ ಪರಿಣಾಮವನ್ನು ತಿಳಿಯಲು ಮೂರು ಕಲ್ಪಿತ ದಂಪತಿಗಳನ್ನು ತೆಗೆದುಕೊಳ್ಳೋಣ. ಮೂರು ಮನೆಗಳಲ್ಲೂ ತಿಂಗಳ ಸರಾಸರಿ ಗಳಿಕೆ ಒಟ್ಟು ೬,೦೦೦ ಡಾಲರ್. ಕೊಟ್ಟ ತೆರಿಗೆಯೂ ಸಮ. ವ್ಯತ್ಯಾಸವಿರುವುದು ಆ ಗಳಿಕೆಯನ್ನು ಯಾರು ತಂದರೆಂಬುದರಲ್ಲಿ ಮಾತ್ರ. ಚಿಲ್ಲರೆಯನ್ನು ಬಿಟ್ಟು, ಎಲ್ಲರೂ ಪೂರ್ಣ ವಯಸ್ಸಿನಲ್ಲಿ ನಿವೃತ್ತರಾದರೆಂದು ಲೆಕ್ಕ ಹಾಕಿದ್ದೇವೆ.

ಮೊದಲನೆಯ ಮನೆಯಲ್ಲಿ ಎಲ್ಲವನ್ನೂ ಗಂಡನೇ ಗಳಿಸಿದ್ದಾನೆ. ಅವನ ವೇತನ ೨,೬೩೧ ಡಾಲರ್, ಹೆಂಡತಿಯ ಪಾಲು ೧,೩೧೬, ಒಟ್ಟು ೩,೯೪೭. ಎರಡನೆಯ ಮನೆಯಲ್ಲಿ ಇಬ್ಬರೂ ೩,೦೦೦ ಡಾಲರಿನಂತೆ ಗಳಿಸಿದ್ದಾರೆ. ತಲಾ ವೇತನ ೧,೬೭೧, ಒಟ್ಟು ೩,೩೪೨. ಮೂರನೆಯ ಮನೆಯಲ್ಲಿ ಗಂಡ ೫,೦೦೦, ಹೆಂಡತಿ ೧,೦೦೦ ಗಳಿಸಿದ್ದಾರೆ. ಗಂಡನ ವೇತನ ೨,೩೧೧, ಹೆಂಡತಿಯ ಸ್ವಂತ ವೇತನ ೯೦೦ ಆಗಿದ್ದರೂ ಭರ್ತಿಯೊಡನೆ ಆಕೆಗೆ ೧,೧೫೬ ಸಲ್ಲುತ್ತದೆ, ಒಟ್ಟು ೩,೪೬೭.

ಒಂದೇ ತೆರಿಗೆ ಕೊಟ್ಟ ಮನೆಗಳಿಗೆ ಹೀಗೆ ಮೂರು ಬಗೆಯ ವೇತನ. ಮೂರನೆಯ ಮನೆಯ ಹೆಂಡತಿಯ ಸ್ಥಿತಿಯನ್ನು ವಿಶೇಷವಾಗಿ ಗಮನಿಸಬೇಕು. ಆಕೆ ಒಂದು ದಿನವೂ ಕೂಲಿಗೆ ಹೋಗದಿದ್ದರೂ ಗಂಡನ ಲೆಕ್ಕದಲ್ಲಿ ಅದೇ ೧,೧೫೬ ಡಾಲರ್ ಬರುತ್ತಿತ್ತು. ಆಕೆ ಕೊಟ್ಟ ತೆರಿಗೆ ಗಂಡನಿರುವವರೆಗೆ ಮನೆಯ ಮಾಸಿಕ ವೇತನಕ್ಕೆ ಏನನ್ನೂ ಕೂಡಿಸಲಿಲ್ಲ.

ಇನ್ನು ಗಂಡನು ತೀರಿಕೊಂಡ ಬಳಿಕ: ಮೊದಲನೆಯ ವಿಧವೆಗೆ ೨,೬೩೧, ಮೂರನೆಯವಳಿಗೆ ೨,೩೧೧, ಇವು ಹಿಂದಿನ ಒಟ್ಟು ಆದಾಯದ ಮೂರರಲ್ಲೆರಡು ಪಾಲು. ಇಬ್ಬರೂ ಸಮವಾಗಿ ದುಡಿದ ಎರಡನೆಯ ಮನೆಯ ವಿಧವೆಗೆ ೧,೬೭೧ ಮಾತ್ರ. ಅಂದರೆ ಸರಿಯಾಗಿ ಅರ್ಧ. ಮನೆಯಲ್ಲಿ ಒಬ್ಬರು ಕಡಮೆಯಾದರೆ ಖರ್ಚು ಅರ್ಧಕ್ಕೆ ಇಳಿಯುವುದಿಲ್ಲ. ಬಾಡಿಗೆ, ತೆರಿಗೆ, ಚಳಿಗಾಲದ ಉರುವಲು ಇವೆಲ್ಲ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಅಮೆರಿಕ ಸರ್ಕಾರವೇ ಬಡತನವನ್ನು ಅಳೆಯುವಾಗ, ಒಂಟಿ ವೃದ್ಧರಿಗೆ ವೃದ್ಧ ದಂಪತಿಗಳ ಮೊತ್ತದ ಶೇಕಡ ೭೯ರಷ್ಟು ಬೇಕೆಂದು ಗಣಿಸುತ್ತದೆ. ಈ ಅಳತೆಗೆ ಮೂವರು ವಿಧವೆಯರಲ್ಲಿ ಯಾರೂ ಮುಟ್ಟುವುದಿಲ್ಲ. ಎರಡನೆಯವಳಂತೂ ಬಹು ಹಿಂದೆ ಉಳಿಯುತ್ತಾಳೆ.

ವಿಚ್ಛೇದಿತೆಯ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮದುವೆ ಹತ್ತು ವರ್ಷ ತುಂಬಿದ್ದರೆ ಹಿಂದಿನ ಗಂಡನ ಲೆಕ್ಕದಲ್ಲಿ ಹಕ್ಕು ಪೂರ್ಣವಾಗಿ ಹುಟ್ಟುತ್ತದೆ. ಒಂದು ತಿಂಗಳು ಕಡಮೆಯಾದರೆ ಏನೂ ಇಲ್ಲ. ಮದುವೆಯಾಗದೆ ಮಕ್ಕಳನ್ನು ಸಾಕಿದ ತಾಯಿಗಂತೂ ಈ ಬಾಗಿಲು ತೆರೆಯುವುದೇ ಇಲ್ಲ. ಇಲ್ಲಿ ವೇತನಕ್ಕೆ ಆಧಾರವಾಗಿರುವುದು ಮದುವೆಯೇ ಹೊರತು ಮನೆಯ ದುಡಿಮೆಯಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

೪. ಮುಖ್ಯವಾದ ಸಲಹೆಗಳು

(ಅ) ಹೆಂಡತಿಯ ಪಾಲನ್ನು ತಗ್ಗಿಸುವುದು. ನಿಧಿಯ ಸ್ಥಿತಿ ಈ ಸಲಹೆಗೆ ಹಿನ್ನೆಲೆ. ವೃದ್ಧಾಪ್ಯ ಹಾಗೂ ಉಳಿದವರ ವಿಮಾನಿಧಿಯ ಸಂಚಯವು ೨೦೩೩ರಲ್ಲಿ ಬರಿದಾಗುವುದೆಂದೂ, ಆ ಬಳಿಕ ತೆರಿಗೆಯ ವರಮಾನದಿಂದ ಗೊತ್ತಾದ ವೇತನದ ಶೇಕಡ ೭೭ರಷ್ಟನ್ನು ಮಾತ್ರ ಕೊಡಬಹುದೆಂದೂ ಧರ್ಮದರ್ಶಿಗಳ ೨೦೨೫ರ ವರದಿ ಅಂದಾಜು ಮಾಡಿದೆ. ಇಂತಹ ಸ್ಥಿತಿಯಲ್ಲಿ, ವಂತಿಗೆ ಕೊಡದವರ ಪಾಲನ್ನು ಅರ್ಧದಿಂದ ಮೂರನೆಯ ಒಂದಕ್ಕೆ ಇಳಿಸಬೇಕೆಂದು ಕೆಲವರೂ, ಸಿರಿವಂತರ ಹೆಂಡಿರಿಗೆ ಮಾತ್ರ ಒಂದು ಮಿತಿ ಹಾಕಬೇಕೆಂದು ಇನ್ನು ಕೆಲವರೂ ಹೇಳುತ್ತಾರೆ. ಮಿತಿ ಹಾಕುವುದರಲ್ಲಿ ನ್ಯಾಯವಿದೆ. ದೊಡ್ಡ ಸಂಬಳದವನ ಹೆಂಡತಿಗೆ, ಜೀವಮಾನವೆಲ್ಲ ಸಣ್ಣ ಕೂಲಿಗೆ ದುಡಿದವಳಿಗಿಂತ ಹೆಚ್ಚು ವೇತನ ಬರುವುದನ್ನು ಸಮರ್ಥಿಸುವುದು ಕಷ್ಟ. ಆದರೆ ಎಲ್ಲರ ಪಾಲನ್ನೂ ಒಂದೇ ಸಮನಾಗಿ ಇಳಿಸಿದರೆ, ಒಂಟಿಯಾಗಿ ಬಾಳುವ ವಿಚ್ಛೇದಿತೆಗೆ ಕಠಿನವಾದ ಪೆಟ್ಟು ಬೀಳುತ್ತದೆ. ಗಂಡನೊಡನಿರುವವಳಿಗೆ ಈ ಪಾಲು ಎರಡನೆಯ ಆದಾಯ. ವಿಚ್ಛೇದಿತೆಗೆ ಅದೇ ಏಕಮಾತ್ರ ಆದಾಯವಾಗಿರಬಹುದು.

(ಆ) ಗಳಿಕೆಯನ್ನು ಹಂಚುವುದು. ಮದುವೆಯ ಅವಧಿಯಲ್ಲಿ ಇಬ್ಬರೂ ಗಳಿಸಿದುದನ್ನು ಕೂಡಿಸಿ, ಅರ್ಧರ್ಧವಾಗಿ ಇಬ್ಬರ ಖಾತೆಗೂ ಬರೆಯಬೇಕೆಂಬುದು ಈ ಸಲಹೆ. ಅಮೆರಿಕದ ಆರೋಗ್ಯ, ಶಿಕ್ಷಣ ಹಾಗೂ ಕ್ಷೇಮಾಭ್ಯುದಯ ಇಲಾಖೆ ೧೯೭೯ರಲ್ಲಿ ಹೊರತಂದ ವರದಿಯೊಂದು ಇದನ್ನು ವಿಸ್ತಾರವಾಗಿ ಚರ್ಚಿಸಿತ್ತು. ವಿಚ್ಛೇದನದ ಸಂದರ್ಭಕ್ಕೆ ಸೀಮಿತವಾಗಿ ಇದೇ ತತ್ತ್ವವನ್ನು ಪಶ್ಚಿಮ ಜರ್ಮನಿ ೧೯೭೭ರಿಂದಲೂ ಕೆನಡಾ ೧೯೭೮ರಿಂದಲೂ ಆಚರಣೆಗೆ ತಂದವು. ಮನೆಯ ಕೆಲಸವೂ ಹೊರಗಿನ ಕೆಲಸವೂ ಸಮವೆಂದು ಒಪ್ಪುವ ಈ ತತ್ತ್ವ ಉದಾತ್ತವಾದುದು. ಇದರಿಂದ ಮೇಲಿನ ಮೂರು ಮನೆಗಳಿಗೂ ಸಮವಾಗಿ ೩,೩೪೨ ಡಾಲರ್ ಬರುತ್ತದೆ. ಹತ್ತು ವರ್ಷದ ಗೆರೆಯೂ ಅಳಿಯುತ್ತದೆ. ಆದರೆ ವಿಧವೆಯ ಲೆಕ್ಕವನ್ನು ನೋಡಿರಿ. ಹಂಚಿಕೆಯನ್ನು ಮಾತ್ರ ಮಾಡಿ ಅಷ್ಟಕ್ಕೇ ನಿಲ್ಲಿಸಿದರೆ ಮೊದಲನೆಯ ಮನೆಯ ವಿಧವೆಗೂ ೧,೬೭೧ ಡಾಲರೇ ಗತಿ. ಇಂದಿನ ನಿಯಮಕ್ಕಿಂತ ೯೬೦ ಡಾಲರ್ ಕಡಮೆ. ಸತ್ತವನ ಖಾತೆಯ ಗಳಿಕೆಯೂ ಉಳಿದವಳಿಗೆ ಸೇರಬೇಕೆಂದು ವಿಧಿಸಿದರೆ ಮೂವರಿಗೂ ೨,೬೩೧ ದೊರೆಯುತ್ತದೆ. ಆಗ ನಿಧಿಯ ಮೇಲಿನ ಹೊರೆ ಹೆಚ್ಚುತ್ತದೆ. ಸಮಾನತೆಯ ಹೆಸರಿನಲ್ಲಿ ಬಂದ ಸಲಹೆ ವಿಧವೆಯನ್ನು ಮೇಲೆತ್ತೀತೋ ಕೆಳಗೆ ನೂಕೀತೋ ಎಂಬುದು ಈ ಒಂದು ಉಪವಾಕ್ಯವನ್ನು ಅವಲಂಬಿಸಿದೆ.

(ಇ) ಪೋಷಣೆಯ ವರ್ಷಗಳಿಗೆ ಮಾನ್ಯತೆ. ಮಕ್ಕಳನ್ನೋ ರೋಗಿಗಳನ್ನೋ ನೋಡಿಕೊಂಡ ವರ್ಷಗಳನ್ನು ಸೊನ್ನೆಯೆಂದು ಎಣಿಸದೆ, ಒಂದು ಗೊತ್ತಾದ ಗಳಿಕೆಯನ್ನು ಖಾತೆಗೆ ಬರೆಯಬೇಕೆಂಬುದು ಮೂರನೆಯ ಸಲಹೆ. ಜರ್ಮನಿಯಲ್ಲಿ ೧೯೯೨ರಿಂದೀಚೆಗೆ ಹುಟ್ಟಿದ ಪ್ರತಿಯೊಂದು ಮಗುವಿಗೂ ಮೂರು ವರ್ಷಗಳನ್ನು ಹೀಗೆ ಪರಿಗಣಿಸುತ್ತಾರೆ. ಅಮೆರಿಕದ ಕಾಂಗ್ರೆಸ್ಸಿನಲ್ಲಿಯೂ ಇಂತಹ ಮಸೂದೆಗಳು ಮಂಡಿತವಾಗಿವೆ, ಶಾಸನವಾಗಿಲ್ಲ. ಮದುವೆಯಾಗದ ತಾಯಿಗೆ, ಹತ್ತು ವರ್ಷಕ್ಕೆ ಮುಂಚೆ ವಿಚ್ಛೇದಿತಳಾದವಳಿಗೆ ಇದರಿಂದ ನಿಜವಾದ ಉಪಕಾರ. ಆದರೆ ಭರ್ತಿಯ ನಿಯಮವನ್ನು ಹಾಗೆಯೇ ಉಳಿಸಿಕೊಂಡರೆ ವಿವಾಹಿತಳಿಗೆ ಇದು ಮುಟ್ಟದೆ ಹೋಗಬಹುದು. ಮೂರನೆಯ ಮನೆಯ ಹೆಂಡತಿಯ ಸ್ವಂತ ವೇತನ ೯೦೦ರಿಂದ ೧,೧೦೦ಕ್ಕೆ ಏರಿತೆನ್ನೋಣ. ಭರ್ತಿಯ ಮೊತ್ತ ಅಷ್ಟೇ ಇಳಿಯುತ್ತದೆ; ಕೈಗೆ ಬರುವುದು ಮೊದಲಿನಂತೆ ೧,೧೫೬.

(ಈ) ಉಳಿದವರಿಗೆ ಮುಕ್ಕಾಲು ಪಾಲು. ದಂಪತಿಗಳಿಗೆ ಒಟ್ಟು ಬರುತ್ತಿದ್ದುದರ ಶೇಕಡ ೭೫ರಷ್ಟನ್ನು ಉಳಿದವರಿಗೆ ಕೊಡಬೇಕೆಂಬ ಸಲಹೆಯನ್ನು ಹಲವರು ಮುಂದಿಟ್ಟಿದ್ದಾರೆ. ಇದರಂತೆ ಎರಡನೆಯ ಮನೆಯ ವಿಧವೆಗೆ ೧,೬೭೧ರ ಬದಲು ೨,೫೦೭ ಡಾಲರ್ ದೊರೆಯುತ್ತದೆ. ಇದರ ವೆಚ್ಚವನ್ನು ಭರಿಸಲು ಹೆಂಡತಿಯ ಪಾಲನ್ನು ಮೂರನೆಯ ಒಂದಕ್ಕೆ ಇಳಿಸುವ ಸಲಹೆಯನ್ನು ಇದರೊಡನೆ ಜೋಡಿಸಬಹುದು. ಈ ಜೋಡಣೆಯ ಫಲ ಗಮನಾರ್ಹವಾದುದು. ಮೊದಲನೆಯ ಮನೆಯಲ್ಲಿ ಹೆಂಡತಿಯ ಪಾಲು ೮೭೭ಕ್ಕೆ ಇಳಿದು ಒಟ್ಟು ೩,೫೦೮ ಆಗುತ್ತದೆ. ಅದರ ಮುಕ್ಕಾಲು ೨,೬೩೧. ಅಂದರೆ ಆ ಮನೆಯ ವಿಧವೆಗೆ ಇಂದು ಬರುವಷ್ಟೇ ಬರುತ್ತದೆ. ಇಬ್ಬರೂ ಇರುವಾಗ ೪೩೯ ಡಾಲರ್ ಕಡಮೆಯಾದರೂ, ಒಂಟಿತನದ ಕಾಲಕ್ಕೆ ನಷ್ಟವಿಲ್ಲ. ಸಮವಾಗಿ ದುಡಿದವರ ಮನೆಗೆ ಲಾಭವುಂಟು.

೫. ಮಕ್ಕಳ ವೇತನ: ೧೯೮೧ರ ಪಾಠ

ವೇತನವನ್ನು ಕಡಿತಗೊಳಿಸಿದಾಗ ಏನಾಗುವುದೆಂಬುದಕ್ಕೆ ಮಕ್ಕಳ ವಿಷಯದಲ್ಲಿ ಒಂದು ನಿದರ್ಶನವಿದೆ. ಕೆಲಸಗಾರನು ನಿವೃತ್ತನೋ ಅಶಕ್ತನೋ ಆದರೆ ಮಗುವಿಗೆ ಅವನ ಮೂಲ ವೇತನದ ಅರ್ಧ, ಅವನು ಸತ್ತರೆ ಮುಕ್ಕಾಲು ಸಲ್ಲುತ್ತದೆ; ಇಡೀ ಕುಟುಂಬಕ್ಕೆ ಒಂದು ಗರಿಷ್ಠ ಮಿತಿಯಿದೆ. ೧೯೬೫ರಲ್ಲಿ, ಓದು ಮುಂದುವರಿಸುವವರಿಗೆ ಇದನ್ನು ೨೨ ವರ್ಷದವರೆಗೆ ವಿಸ್ತರಿಸಲಾಯಿತು. ಮಿತವ್ಯಯದ ದೃಷ್ಟಿಯಿಂದ ೧೯೮೧ರ ಶಾಸನವು ಕಾಲೇಜು ವಿದ್ಯಾರ್ಥಿಗಳ ಈ ಸೌಲಭ್ಯವನ್ನು ಹಂತಹಂತವಾಗಿ ರದ್ದು ಮಾಡಿತು. ತಂದೆ ತೀರಿಕೊಂಡ ಮಕ್ಕಳು ಕಾಲೇಜು ಸೇರುವ ಪ್ರಮಾಣ ಅದರಿಂದಾಗಿ ಗಣನೀಯವಾಗಿ ಕುಸಿಯಿತೆಂದು ಅರ್ಥಶಾಸ್ತ್ರಜ್ಞೆ ಸೂಸನ್ ಡೈನಾರ್ಸ್ಕಿ ೨೦೦೩ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಉಳಿತಾಯವೆಂದು ಲೆಕ್ಕದಲ್ಲಿ ಬರೆದುದರ ಬೆಲೆಯನ್ನು ತಂದೆಯಿಲ್ಲದ ಮಕ್ಕಳು ತೆರಬೇಕಾಯಿತು.

ಇದಕ್ಕೆ ವಿರುದ್ಧವಾದ ನಿದರ್ಶನವೂ ಇದೆ. ಸಾಮಾಜಿಕ ಭದ್ರತೆಗೆ ಒಳಪಡದ ಸರ್ಕಾರಿ ಹುದ್ದೆಗಳಿಂದ ಪಿಂಚಣಿ ಪಡೆಯುವವರಿಗೆ ಗಂಡನ ಅಥವಾ ಹೆಂಡತಿಯ ಲೆಕ್ಕದ ವೇತನವನ್ನು ಕಡಿತಗೊಳಿಸುವ ನಿಯಮ ೧೯೭೭ರಲ್ಲಿ ಬಂದಿತ್ತು. ೨೦೨೫ರ ಜನವರಿ ೫ರಂದು ಅಂಕಿತವಾದ ಕಾಯಿದೆ ಅದನ್ನು ರದ್ದುಗೊಳಿಸಿತು. ಅನೇಕ ನಿವೃತ್ತ ಶಿಕ್ಷಕರಿಗೂ ಪೊಲೀಸರಿಗೂ ಇದು ಸಂತಸದ ವಿಷಯ. ಆದರೆ ಸ್ವಂತ ವೇತನವನ್ನು ಅವಲಂಬಿತರ ವೇತನದಿಂದ ಕಳೆಯುವ ನಿಯಮ ಉಳಿದ ಎಲ್ಲ ಕೆಲಸಗಾರರಿಗೂ ಮುಂದುವರಿದಿದೆ. ಒಂದು ವರ್ಗದ ಕುಂದುಕೊರತೆಯನ್ನು ಮಾತ್ರ ನೋಡಿ ತಿದ್ದಿದರೆ ಹೊಸ ಅಸಮಾನತೆ ಹುಟ್ಟುವುದುಂಟು.

೬. ನಮ್ಮವರಿಗೆ ಇದರ ಸಂಬಂಧ

ಈ ಚರ್ಚೆ ಕೇವಲ ಪರದೇಶದ ಸುದ್ದಿಯಲ್ಲ. ಕನ್ನಡನಾಡಿನಿಂದ ಅಮೆರಿಕಕ್ಕೆ ತೆರಳಿ ದುಡಿಯುವ ಇಂಜಿನಿಯರುಗಳೂ ಈ ತೆರಿಗೆಯನ್ನು ಕೊಡುತ್ತಾರೆ. ಬೇರೆ ಬೇರೆ ದೇಶಗಳ ದುಡಿಮೆಯ ಅವಧಿಯನ್ನು ಕೂಡಿಸಿ ಎಣಿಸುವ ಒಪ್ಪಂದವನ್ನು ಅಮೆರಿಕ ಹಲವು ದೇಶಗಳೊಡನೆ ಮಾಡಿಕೊಂಡಿದ್ದರೂ, ೨೦೨೫ರವರೆಗೆ ಭಾರತದೊಡನೆ ಅಂತಹ ಒಪ್ಪಂದ ಜಾರಿಗೆ ಬಂದಿರಲಿಲ್ಲ. ಆದುದರಿಂದ ಹತ್ತು ವರ್ಷ ತುಂಬುವ ಮೊದಲೇ ಊರಿಗೆ ಮರಳಿದವನಿಗೆ ನಿವೃತ್ತಿಯ ವೇತನವಿಲ್ಲ. ಅವನ ಹೆಂಡತಿಗೂ ಇಲ್ಲ. ಅಲ್ಲಿಯೇ ನೆಲಸಿದವರ ಪೈಕಿ, ಗಂಡನ ಅವಲಂಬಿತೆಯಾಗಿ ಹೋಗಿ ವೀಸಾದ ಷರತ್ತಿನಿಂದ ಬಹುಕಾಲ ಕೆಲಸ ಮಾಡಲಾಗದೆ ಉಳಿದ ವಿದ್ಯಾವಂತ ಸ್ತ್ರೀಯರಿದ್ದಾರೆ. ಹೆಂಡತಿಯ ಪಾಲನ್ನು ಇಳಿಸುವ ಸಲಹೆ ಇಂಥವರನ್ನು ನೇರವಾಗಿ ತಟ್ಟುತ್ತದೆ.

ನಮ್ಮ ದೇಶದ ವ್ಯವಸ್ಥೆಯ ಜಾಡು ಬೇರೆ. ೧೯೭೧ರ ಕುಟುಂಬ ಪಿಂಚಣಿ ಯೋಜನೆಯ ಸ್ಥಾನದಲ್ಲಿ ಬಂದ ೧೯೯೫ರ ನೌಕರರ ಪಿಂಚಣಿ ಯೋಜನೆಯಲ್ಲಿ ಗಂಡನು ಬದುಕಿರುವಾಗ ಹೆಂಡತಿಗೆಂದು ಪ್ರತ್ಯೇಕ ಪಾಲಿಲ್ಲ. ನಿವೃತ್ತನಾದ ಮೇಲೆ ಅವನು ತೀರಿಕೊಂಡರೆ ವಿಧವೆಗೆ ಪಿಂಚಣಿಯ ಅರ್ಧ ಸಲ್ಲುತ್ತದೆ. ೨೫ ವರ್ಷದೊಳಗಿನ ಇಬ್ಬರು ಮಕ್ಕಳವರೆಗೆ, ಒಬ್ಬೊಬ್ಬರಿಗೂ ವಿಧವೆಯ ಪಿಂಚಣಿಯ ಕಾಲುಭಾಗ ಸಲ್ಲುತ್ತದೆ. ಕನಿಷ್ಠ ಪಿಂಚಣಿ ೨೦೧೪ರಲ್ಲಿ ತಿಂಗಳಿಗೆ ೧,೦೦೦ ರೂಪಾಯಿಯೆಂದು ಗೊತ್ತಾಯಿತು. ಗಂಡನಿಗೆ ೬,೦೦೦ ರೂಪಾಯಿ ಬರುತ್ತಿದ್ದರೆ ವಿಧವೆಗೆ ೩,೦೦೦. ಮೇಲೆ ಹೇಳಿದ ಶೇಕಡ ೭೯ರ ಅಳತೆ ನಮ್ಮ ಮನೆಗಳಿಗೆ ಯಥಾವತ್ತಾಗಿ ಅನ್ವಯಿಸದಿದ್ದರೂ, ಒಬ್ಬರು ಹೋದಾಗ ಖರ್ಚು ಅರ್ಧವಾಗದೆಂಬ ಮಾತು ಇಲ್ಲಿಯೂ ಸತ್ಯ. ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯು ೨೦೨೫ರ ನವೆಂಬರ್ ೨೧ರಂದು ಜಾರಿಗೆ ಬಂದಿತು. ಅದು ಸ್ತ್ರೀ ನೌಕರಳ ಅವಲಂಬಿತರಾದ ಅತ್ತೆಮಾವಂದಿರನ್ನೂ ಕುಟುಂಬದ ಅರ್ಥವ್ಯಾಪ್ತಿಯಲ್ಲಿ ಸೇರಿಸಿದೆ. ಕುಟುಂಬವೆಂದರೆ ಯಾರೆಂಬ ಪ್ರಶ್ನೆಗೆ ಪ್ರತಿಯೊಂದು ದೇಶವೂ ತನ್ನ ಮನೆಗಳನ್ನು ನೋಡಿಯೇ ಉತ್ತರ ಕೊಡಬೇಕೆಂಬುದಕ್ಕೆ ಇದು ಸಾಕ್ಷಿ.

೭. ಸಮಾರೋಪ

ಮೇಲಿನ ಪರಿಶೀಲನೆಯಿಂದ ನಾವು ಮೂರು ನಿರ್ಣಯಗಳಿಗೆ ಬರುತ್ತೇವೆ. ಮೊದಲನೆಯದಾಗಿ, ಹೆಂಡತಿಯ ಪಾಲನ್ನು ಇಳಿಸುವ ಯಾವ ಕ್ರಮವೂ ವಿಧವೆಯ ಪಾಲನ್ನು ಏರಿಸುವ ಕ್ರಮದೊಡನೆಯೇ ಬರಬೇಕು; ಉಳಿತಾಯಕ್ಕಾಗಿ ಅದೊಂದನ್ನೇ ಜಾರಿಗೆ ತರುವುದು ಉಚಿತವಲ್ಲ. ಎರಡನೆಯದಾಗಿ, ಒಂಟಿಯಾಗಿ ಬಾಳುವ ವಿಚ್ಛೇದಿತೆಯನ್ನೂ ಕಡಮೆ ವರಮಾನದ ದಂಪತಿಗಳನ್ನೂ ಅಂತಹ ಇಳಿತದಿಂದ ಹೊರಗಿಡಬೇಕು. ಮೂರನೆಯದಾಗಿ, ಪೋಷಣೆಯ ವರ್ಷಗಳಿಗೆ ಕೊಡುವ ಮಾನ್ಯತೆ ಭರ್ತಿಯ ಲೆಕ್ಕದಲ್ಲಿ ಕರಗಿಹೋಗದಂತೆ ನಿಯಮವನ್ನು ರಚಿಸಬೇಕು.

ನಿಧಿಗೆ ಅಭಾವವಿರುವಾಗ ಇಂತಹ ಸುಧಾರಣೆಯನ್ನು ಮುಂದೂಡುವುದು ಸುಲಭ. ಆದರೆ ಹಳೆಯ ನಿಯಮವನ್ನು ನಂಬಿ ಜೀವನವನ್ನು ಯೋಜಿಸಿಕೊಂಡವರಿಗೆ ಹೊಸ ನಿಯಮಕ್ಕೆ ಹೊಂದಿಕೊಳ್ಳಲು ಕಾಲಾವಕಾಶ ಬೇಕು. ಸ್ವೀಡನ್ನು ೧೯೯೦ರಲ್ಲಿ ವಿಧವಾ ವೇತನವನ್ನು ತೆಗೆಯಲು ಹೊರಟಾಗ ಹಿರಿಯ ತಲೆಮಾರಿನವರಿಗೆ ಹಳೆಯ ಹಕ್ಕನ್ನು ಉಳಿಸಿಕೊಟ್ಟು, ಹೊಸ ಪದ್ಧತಿಯನ್ನು ನಿಧಾನವಾಗಿ ತಂದಿತು. ನಿಧಿ ಬರಿದಾಗುವ ವರ್ಷದಲ್ಲಿ ಅವಸರದಿಂದ ಕಾಯಿದೆ ಮಾಡಿದರೆ ಇಂತಹ ಕಾಲಾವಕಾಶಕ್ಕೆ ಎಡೆಯಿರುವುದಿಲ್ಲ. ಆಗ ಅತ್ಯಂತ ಹೆಚ್ಚು ಕಳೆದುಕೊಳ್ಳುವವಳು ಮತ್ತೆ ದುಡಿದು ತುಂಬಿಕೊಳ್ಳುವ ವಯಸ್ಸನ್ನು ದಾಟಿದ ವಿಧವೆ. ಅವಳ ಲೆಕ್ಕವನ್ನು ಮೊದಲು ಮಾಡಿ, ಅನಂತರ ಉಳಿದವರ ಲೆಕ್ಕಕ್ಕೆ ಕೈಹಾಕುವುದು ಶಾಸನಕರ್ತರ ಕರ್ತವ್ಯವೆಂದು ನಮ್ಮ ಅಭಿಪ್ರಾಯ.